‘ಗೊತ್ತಿತ್ತಲ್ಲ, ಯಾಕೆ ಕೈ ಹಾಕಿದೆ?’

ಕೆಲವು ವರ್ಷಗಳ ಹಿಂದೆ ನಾನು ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದೆ. ಅಲ್ಲಿ ಪೆಟ್ಟಿಗೆಗಳಿಗೆ ಟೇಪ್ ಹಚ್ಚಿ ಕತ್ತರಿಸುವ ಒಂದು ಮಷೀನ್ ಇತ್ತು. ಅದಕ್ಕೊಂದು ಪ್ಲಾಸ್ಟಿಕ್ ಮುಚ್ಚಳ. ಮುಚ್ಚಳ ಎತ್ತಿದರೆ ಮಷೀನ್ ತಾನಾಗಿ ನಿಲ್ಲಬೇಕು. ಆದರೆ ಪೆಟ್ಟಿಗೆಗಳು ಆಗಾಗ ಸಿಕ್ಕಿಕೊಳ್ಳುತ್ತಿದ್ದವು. ಪ್ರತಿ ಸಲ ಮುಚ್ಚಳ ಎತ್ತಿ, ಪೆಟ್ಟಿಗೆ ಬಿಡಿಸಿ, ಮತ್ತೆ ಚಾಲೂ ಮಾಡಲು ಒಂದೆರಡು ನಿಮಿಷ ಹೋಗುತ್ತಿತ್ತು. ಯಾರೋ ಒಂದು ದಿನ ಮುಚ್ಚಳದ ಕೆಳಗಿದ್ದ ಪುಟ್ಟ ಸ್ವಿಚ್ಚನ್ನು ಒತ್ತಿಹಿಡಿದು ತಂತಿಯಲ್ಲಿ ಕಟ್ಟಿಬಿಟ್ಟರು. ಆಮೇಲೆ ಮುಚ್ಚಳ ತೆರೆದಿದ್ದರೂ ಮಷೀನ್ ಓಡುತ್ತಿತ್ತು. ಕೆಲಸ ಬೇಗ ಬೇಗ ಸಾಗಿತು. ತಂತಿ ಅಲ್ಲಿರುವುದು ಎಲ್ಲರಿಗೂ ಗೊತ್ತಿತ್ತು. ಎರಡು ತಿಂಗಳಲ್ಲಿ ಅದಕ್ಕೂ ಧೂಳು ಹಿಡಿದು, ಮೊದಲಿಂದಲೂ ಮಷೀನಿನ ಜೊತೆಗೇ ಬಂದದ್ದೇನೋ ಅನ್ನುವ ಹಾಗೆ ಕಾಣತೊಡಗಿತು.

ಒಂದು ಸಂಜೆ, ಶಿಫ್ಟ್ ಮುಗಿಯುವ ಹೊತ್ತಿಗೆ, ಒಬ್ಬ ಹುಡುಗ ಸಿಕ್ಕಿಕೊಂಡ ಪೆಟ್ಟಿಗೆ ಎಳೆಯಲು ಕೈ ಹಾಕಿದ. ಎರಡು ಬೆರಳಿನ ತುದಿ ಹೋಯಿತು. ಅವನ ಕೈಗೆ ಬಟ್ಟೆ ಸುತ್ತುತ್ತಿದ್ದಾಗಲೇ ಸುತ್ತ ನಿಂತವರ ಬಾಯಲ್ಲಿ ಬಂದ ಮೊದಲ ಮಾತು, ‘ಗೊತ್ತಿತ್ತಲ್ಲ, ಯಾಕೆ ಕೈ ಹಾಕಿದೆ?’ ನಾನೂ ಅದನ್ನೇ ಅಂದೆ. ಅವನು ತಲೆ ಬಗ್ಗಿಸಿ ‘ನಂದೇ ತಪ್ಪು’ ಅಂದ.

ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಯಾಕೆಂದರೆ ಎಷ್ಟೋ ಜನರ ಹಕ್ಕು ಕೋರ್ಟಿನ ಬಾಗಿಲ ತನಕ ಹೋಗುವುದೇ ಇಲ್ಲ. ಇಂಥ ಎರಡು ಮಾತಿನಲ್ಲೇ ಅದು ಮುಗಿದುಹೋಗುತ್ತದೆ. ಗಾಯವಾದವನಿಗೆ ಅಪಾಯ ಗೊತ್ತಿತ್ತು, ಹಾಗಾಗಿ ತಪ್ಪು ಅವನದು. ಕೇಳಲು ಸರಿ ಅನ್ನಿಸುತ್ತೆ, ಅಲ್ವಾ? ಆದರೆ ಅಪಾಯ ಗೊತ್ತಿರುವುದು ಬೇರೆ, ಅದಕ್ಕೆ ಒಪ್ಪಿರುವುದು ಬೇರೆ, ಅದನ್ನು ಸರಿಪಡಿಸುವ ಅಧಿಕಾರ ಇರುವುದು ಇನ್ನೂ ಬೇರೆ. ಈ ಮೂರನ್ನು ಬಿಡಿಸಿ ನೋಡಲು ಕಾನೂನಿಗೇ ನೂರಾರು ವರ್ಷ ಹಿಡಿದಿದೆ. ನಮ್ಮ ದಿನದಿನದ ಮಾತಿನಲ್ಲಿ ಮಾತ್ರ ಅವು ಇನ್ನೂ ಒಂದೇ ಗಂಟಾಗಿ ಉಳಿದಿವೆ.

ಕಾನೂನೂ ಇದೇ ಮಾತು ಆಡುತ್ತಿತ್ತು

1837ರಲ್ಲಿ ಇಂಗ್ಲೆಂಡಿನಲ್ಲಿ ಪ್ರೀಸ್ಟ್ಲಿ ಮತ್ತು ಫೌಲರ್ ನಡುವೆ ಒಂದು ಮೊಕದ್ದಮೆ ನಡೆಯಿತು. ಮಾಂಸದಂಗಡಿಯಲ್ಲಿ ದುಡಿಯುತ್ತಿದ್ದ ಹುಡುಗ, ಯಜಮಾನ ಕಳಿಸಿದ ಗಾಡಿಯಲ್ಲಿ ಸರಕಿನ ಜೊತೆ ಹೊರಟಿದ್ದ. ಗಾಡಿಗೆ ತಡೆಯಲಾರದಷ್ಟು ಭಾರ ಹೇರಿದ್ದರು. ಅದು ಮುರಿದು ಬಿದ್ದು ಹುಡುಗನ ತೊಡೆಯ ಮೂಳೆ ಮುರಿಯಿತು. ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ಜನರ ತಂಡ, ಪರಿಹಾರ ಕೊಡಿಸಿತು. ನ್ಯಾಯಾಧೀಶರು ಅದನ್ನು ತಳ್ಳಿಹಾಕಿದರು. ಅಪಾಯ ಅನ್ನಿಸಿದರೆ ಆಳು ಆ ಕೆಲಸ ಒಲ್ಲೆ ಅನ್ನಬಹುದಿತ್ತು, ಅಪಾಯ ಎಷ್ಟಿದೆ ಎಂಬುದು ಯಜಮಾನನಷ್ಟೇ, ಬಹುಶಃ ಅವನಿಗಿಂತ ಚೆನ್ನಾಗಿ, ಆಳಿಗೂ ಗೊತ್ತಿರುತ್ತದೆ. ಇದು ಅವರ ವಾದದ ತಿರುಳು. ಗೋದಾಮಿನಲ್ಲಿ ನಾವು ಆಡಿದ ಮಾತೇ, ಕೋರ್ಟಿನ ಭಾಷೆಯಲ್ಲಿ.

ಈ ವಾದಕ್ಕೆ ದೊಡ್ಡ ಪೆಟ್ಟು ಬಿದ್ದದ್ದು 1891ರಲ್ಲಿ. ಸ್ಮಿತ್ ಮತ್ತು ಬೇಕರ್ ಮೊಕದ್ದಮೆ. ರೈಲು ದಾರಿಗಾಗಿ ಬಂಡೆ ಕಡಿಯುತ್ತಿದ್ದ ಜಾಗ. ಒಬ್ಬ ಕೆಲಸಗಾರ ಕೆಳಗೆ ನಿಂತು ಬಂಡೆಗೆ ತೂತು ಕೊರೆಯುತ್ತಿದ್ದ. ಅವನ ತಲೆಯ ಮೇಲೆಯೇ ಕ್ರೇನು ಕಲ್ಲುಗಳನ್ನು ಎತ್ತಿ ಆಚೆ ಸಾಗಿಸುತ್ತಿತ್ತು. ಕಲ್ಲು ಬರುತ್ತಿದೆ ಎಂದು ಎಚ್ಚರಿಸುವವರು ಯಾರೂ ಇರಲಿಲ್ಲ. ಒಂದು ದಿನ ಕಲ್ಲು ಜಾರಿ ಅವನ ಮೇಲೆ ಬಿತ್ತು. ಅವನಿಗೆ ಅಪಾಯ ಗೊತ್ತಿತ್ತು, ಗೊತ್ತಿದ್ದೂ ತಿಂಗಳುಗಟ್ಟಲೆ ಅಲ್ಲೇ ದುಡಿದ, ಅಂದರೆ ಒಪ್ಪಿದ ಹಾಗೆ ಎಂದು ಮಾಲೀಕರ ಕಡೆಯವರು ವಾದಿಸಿದರು. ಆಗ ಅಲ್ಲಿನ ಅತಿ ಮೇಲಿನ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ಒಪ್ಪಲಿಲ್ಲ. ಅಪಾಯ ಗೊತ್ತಿದ್ದೂ ಕೆಲಸದಲ್ಲಿ ಮುಂದುವರಿದ ಅಂದ ಮಾತ್ರಕ್ಕೆ, ಮಾಲೀಕನ ನಿರ್ಲಕ್ಷ್ಯವನ್ನೂ ತನ್ನ ತಲೆ ಮೇಲೆ ಹಾಕಿಕೊಳ್ಳಲು ಒಪ್ಪಿದ ಅಂತ ಆಗುವುದಿಲ್ಲ ಎಂದಿತು.

ಅರಿವೇ ಒಪ್ಪಿಗೆಯಲ್ಲ ಎಂಬ ಈ ತತ್ವ ಆಮೇಲೆ ಬೇರೆ ಬೇರೆ ದೇಶಗಳ ಕಾನೂನಿನಲ್ಲಿ ಬೇರೆ ಬೇರೆ ರೂಪದಲ್ಲಿ ಬೇರೂರಿತು. ಈಗ ಎಷ್ಟೋ ಕಡೆ ಕೆಲಸದಲ್ಲಾದ ಗಾಯಕ್ಕೆ ತಪ್ಪು ಯಾರದು ಎಂದು ನೋಡದೆಯೇ ಪರಿಹಾರ ಕೊಡುವ ವಿಮೆಯ ವ್ಯವಸ್ಥೆ ಇದೆ. ಗಾಯವಾದವನದೂ ಸ್ವಲ್ಪ ತಪ್ಪಿದೆ ಅನ್ನಿಸಿದರೆ ಪರಿಹಾರದಲ್ಲಿ ಒಂದಿಷ್ಟು ಕಡಿತ ಆಗಬಹುದು, ಪೂರ್ತಿ ಕೈತಪ್ಪುವುದು ಕಡಿಮೆ. ಆದರೂ ಗಾಯವಾದವನು ಮೊದಲು ಯೋಚಿಸುವುದು ಏನು? ‘ನಂದೇ ತಪ್ಪು, ಏನು ಕೇಳೋದು?’

ಇದೇ ‘ಗೊತ್ತಿತ್ತು’ ಎಂಬ ಮಾತು ಮಾಲೀಕರ ವಿಷಯದಲ್ಲಿ ಹೇಗೆ ಕೆಲಸ ಮಾಡುತ್ತದೆ ನೋಡಿ. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಎಂಬ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿತ್ತು. 146 ಜನ ಸತ್ತರು. ಹೆಚ್ಚಿನವರು ಎಳೆ ವಯಸ್ಸಿನ ಹೆಣ್ಣುಮಕ್ಕಳು. ಒಂಬತ್ತನೇ ಮಹಡಿಯಲ್ಲಿ ಮೆಟ್ಟಿಲಿಗೆ ಹೋಗುವ ಒಂದು ಬಾಗಿಲಿಗೆ ಬೀಗ ಹಾಕಿತ್ತು ಎಂದು ಬದುಕುಳಿದವರು ಸಾಕ್ಷಿ ಹೇಳಿದರು. ಮಾಲೀಕರ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆಯಿತು. ಆ ಹೊತ್ತಿನಲ್ಲಿ ಬಾಗಿಲಿಗೆ ಬೀಗ ಹಾಕಿದ್ದು ಮಾಲೀಕರಿಗೆ ಗೊತ್ತಿತ್ತು ಎಂದು ಮನವರಿಕೆಯಾದರೆ ಮಾತ್ರ ಅವರು ತಪ್ಪಿತಸ್ಥರು ಎಂದು ಜ್ಯೂರಿಗೆ ತಿಳಿಸಲಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಇಬ್ಬರೂ ಬಿಡುಗಡೆಯಾದರು.

ದುಡಿಯುವವನಿಗೆ ಗೊತ್ತಿದ್ದರೆ ಅದು ಅವನ ತಪ್ಪು. ಮಾಲೀಕನಿಗೆ ಗೊತ್ತಿರದಿದ್ದರೆ ಅದು ಅವನಿಗೆ ಆಸರೆ. ಈ ಸೊಟ್ಟ ತಕ್ಕಡಿಯನ್ನು ನೇರ ಮಾಡಲಿಕ್ಕೆಂದೇ ಆಮೇಲಿನ ಕಾನೂನುಗಳು ಹುಟ್ಟಿದವು. ಇವತ್ತು ಹೆಚ್ಚಿನ ದೇಶಗಳ ಸುರಕ್ಷತಾ ಕಾನೂನು ಮಾಲೀಕನಿಗೆ ‘ಗೊತ್ತಿತ್ತಾ?’ ಎಂದಷ್ಟೇ ಕೇಳುವುದಿಲ್ಲ. ‘ಗೊತ್ತುಮಾಡಿಕೊಳ್ಳಲು ಏನು ಮಾಡಿದೆ?’ ಎಂದೂ ಕೇಳುತ್ತದೆ. ಅಪಾಯ ಎಲ್ಲೆಲ್ಲಿದೆ ಎಂದು ಹುಡುಕುವುದು, ಅದನ್ನು ಬರೆದಿಡುವುದು, ಸರಿಮಾಡುವುದು ಅವನ ಜವಾಬ್ದಾರಿ.

ಒಲ್ಲೆ ಅನ್ನುವ ಹಕ್ಕು

ಅಪಘಾತ ಆದ ಮೇಲೆ ಸಿಗುವ ಪರಿಹಾರದ ಬಗ್ಗೆ ಜನ ಒಂದಿಷ್ಟು ಮಾತಾಡುತ್ತಾರೆ. ಅಪಘಾತಕ್ಕೆ ಮೊದಲೇ ಇರುವ ಒಂದು ಹಕ್ಕಿನ ಬಗ್ಗೆ ಮಾತಾಡುವವರು ಬಹಳ ಕಡಿಮೆ. ಜೀವಕ್ಕೆ ಅಪಾಯ ಇದೆ ಅನ್ನಿಸಿದಾಗ ಆ ಕೆಲಸ ಮಾಡಲ್ಲ ಅನ್ನುವ ಹಕ್ಕು ಅದು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ, ಅಂದರೆ ಐಎಲ್‌ಒ, 1981ರಲ್ಲಿ ಮಾಡಿದ 155ನೇ ಒಪ್ಪಂದದ 13ನೇ ವಿಧಿಯಲ್ಲಿ ಇದು ಸ್ಪಷ್ಟವಾಗಿದೆ. ಜೀವಕ್ಕೋ ಆರೋಗ್ಯಕ್ಕೋ ತಕ್ಷಣದ, ಗಂಭೀರ ಅಪಾಯ ಇದೆ ಎಂದು ನಂಬಲು ತಕ್ಕ ಕಾರಣ ಇದ್ದು ಕೆಲಸಗಾರ ಜಾಗ ಬಿಟ್ಟು ಸರಿದರೆ, ಅದಕ್ಕಾಗಿ ಅವನಿಗೆ ತೊಂದರೆ ಕೊಡಬಾರದು. ಅದೇ ಒಪ್ಪಂದದ 21ನೇ ವಿಧಿ ಇನ್ನೊಂದು ಮಾತು ಹೇಳುತ್ತದೆ. ಸುರಕ್ಷತೆಯ ಕ್ರಮಗಳ ಖರ್ಚು ಕೆಲಸಗಾರನ ಮೇಲೆ ಬೀಳಬಾರದು. ಹೆಲ್ಮೆಟ್ಟು, ಬೂಟು, ಕೈಗವಸಿನ ದುಡ್ಡನ್ನು ಸಂಬಳದಲ್ಲಿ ಹಿಡಿಯುವುದು ಎಷ್ಟು ಕಡೆ ಮಾಮೂಲಾಗಿದೆ ನೆನೆಸಿಕೊಳ್ಳಿ.

2022ರ ಜೂನ್‌ನಲ್ಲಿ ಐಎಲ್‌ಒ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸುರಕ್ಷಿತವಾದ, ಆರೋಗ್ಯಕರವಾದ ಕೆಲಸದ ವಾತಾವರಣವನ್ನು ದುಡಿಮೆಯ ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿತು. ಬಲವಂತದ ದುಡಿಮೆ ಬೇಡ, ಬಾಲಕಾರ್ಮಿಕ ಪದ್ಧತಿ ಬೇಡ, ಭೇದಭಾವ ಬೇಡ, ಸಂಘ ಕಟ್ಟುವ ಸ್ವಾತಂತ್ರ್ಯ ಬೇಕು ಎಂಬವುಗಳಿಗೆ ಸರಿಸಮವಾಗಿ ಇದೂ ಬಂತು. ಒಪ್ಪಂದಕ್ಕೆ ಸಹಿ ಹಾಕಿರಲಿ, ಬಿಡಲಿ, ಸದಸ್ಯ ದೇಶಗಳೆಲ್ಲ ಇದನ್ನು ಗೌರವಿಸಬೇಕು. ಇದರ ತುರ್ತು ಎಷ್ಟು ಎಂದು ಅದೇ ಸಂಸ್ಥೆಯ ಅಂದಾಜು ಹೇಳುತ್ತದೆ. ಕೆಲಸಕ್ಕೆ ಸಂಬಂಧಿಸಿದ ಅಪಘಾತ ಮತ್ತು ಕಾಯಿಲೆಗಳಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 29 ಲಕ್ಷ ಜನ ಸಾಯುತ್ತಾರೆ. ಅದರಲ್ಲಿ ಸುಮಾರು 26 ಲಕ್ಷ ಸಾವು ಕಾಯಿಲೆಗಳಿಂದ. ನಾವು ಸುದ್ದಿಯಲ್ಲಿ ಓದುವ ಅಪಘಾತಗಳ ಪಾಲು ಸುಮಾರು 3 ಲಕ್ಷ 30 ಸಾವಿರ.

ಒಲ್ಲೆ ಅನ್ನುವುದು ಕಾಗದದ ಮೇಲೆ ಸುಲಭ. ನೆಲದ ಮೇಲೆ ಅದು ಹೇಗಿರುತ್ತದೆ ಎಂದು ತಿಳಿಯಲು ಅಮೆರಿಕದ ಓಹಾಯೊ ರಾಜ್ಯದ ವರ್ಲ್‌ಪೂಲ್ ಕಾರ್ಖಾನೆಯ ಕತೆ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಅಲ್ಲಿ ನೆಲದಿಂದ ಸುಮಾರು 20 ಅಡಿ ಮೇಲೆ ಒಂದು ತಂತಿ ಬಲೆ ಕಟ್ಟಿದ್ದರು. ಮೇಲೆ ಸಾಗುವ ಸಾಮಾನು ಕೆಳಗಿನವರ ತಲೆ ಮೇಲೆ ಬೀಳದಿರಲಿ ಎಂದು. ಬಿದ್ದ ಸಾಮಾನನ್ನು ತೆಗೆಯಲು ಕೆಲಸಗಾರರು ಆ ಬಲೆಯ ಮೇಲೆ ಹತ್ತಬೇಕಿತ್ತು. 1974ರ ಜೂನ್ 28ರಂದು ಒಬ್ಬ ಕೆಲಸಗಾರ ಬಲೆ ಹರಿದು ಕೆಳಗೆ ಬಿದ್ದು ಸತ್ತ. ಕೆಲವು ದಿನದ ನಂತರ ಇಬ್ಬರು ಕೆಲಸಗಾರರು ಮೇಲಿನವರ ಹತ್ತಿರ ಹೋಗಿ ಬಲೆಯ ಬಗ್ಗೆ ಭಯ ಹೇಳಿಕೊಂಡರು. ಜುಲೈ 9ರಂದು ಸರ್ಕಾರಿ ಸುರಕ್ಷತಾ ಅಧಿಕಾರಿಯ ಹೆಸರು, ಫೋನ್ ನಂಬರ್ ಕೇಳಿದರು. ಮಾಡುತ್ತಿರುವುದನ್ನು ಸ್ವಲ್ಪ ಯೋಚಿಸಿ ಮಾಡಿ ಎಂಬ ಎಚ್ಚರಿಕೆಯ ಜೊತೆ ನಂಬರ್ ಸಿಕ್ಕಿತು. ಅವರಲ್ಲೊಬ್ಬರು ಫೋನ್ ಮಾಡಿದರು. ಮರುದಿನ ರಾತ್ರಿ ಪಾಳಿಗೆ ಬಂದಾಗ ಅವರಿಗೆ ಸಿಕ್ಕ ಕೆಲಸ ಅದೇ ಹಳೆಯ ಬಲೆಯ ಮೇಲೆ. ಅವರು ಹತ್ತಲಿಲ್ಲ. ಉಳಿದ ಆರು ಗಂಟೆಯ ಸಂಬಳ ಇಲ್ಲದೆ ಮನೆಗೆ ಕಳಿಸಿದರು. ಫೈಲಿಗೆ ಎಚ್ಚರಿಕೆ ಪತ್ರವನ್ನೂ ಸೇರಿಸಿದರು.

ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 1980ರಲ್ಲಿ ನ್ಯಾಯಾಧೀಶರು ಒಮ್ಮತದಿಂದ ಕೆಲಸಗಾರರ ಆ ಹಕ್ಕನ್ನು ಎತ್ತಿಹಿಡಿದರು. ಆದರೆ ಅದು ಬೇಕಾದಾಗೆಲ್ಲ ಬಳಸುವ ಹಕ್ಕಲ್ಲ. ಭಯ ಪ್ರಾಮಾಣಿಕವಾಗಿರಬೇಕು. ಆ ಜಾಗದಲ್ಲಿ ಬೇರೆ ಯಾರೇ ಇದ್ದರೂ ಸಾವಿನದೋ ದೊಡ್ಡ ಗಾಯದ್ದೋ ಅಪಾಯ ಇದೆ ಅಂದುಕೊಳ್ಳುವಂತಿರಬೇಕು. ಅಧಿಕಾರಿಗಳಿಗೆ ದೂರು ಕೊಟ್ಟು ಕಾಯುವಷ್ಟು ಸಮಯ ಇರಬಾರದು. ಸಾಧ್ಯವಿದ್ದರೆ ಮೊದಲು ‘ಇದನ್ನು ಸರಿಮಾಡಿ’ ಎಂದು ಮಾಲೀಕನನ್ನು ಕೇಳಿರಬೇಕು. ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ಒಲ್ಲೆ ಅಂದ ಹೊತ್ತಿನ ಸಂಬಳ ಕೊಡಲೇಬೇಕು ಎಂದು ಆ ನಿಯಮದಲ್ಲಿ ಇರಲಿಲ್ಲ. ಶಿಕ್ಷೆ ಕೊಡಬಾರದು, ಅಷ್ಟೇ. ಬೇರೆ ದೇಶಗಳಲ್ಲಿ ಇದು ಬೇರೆ ಥರ ಇರಬಹುದು. ಹಾಗಾಗಿ ನಿಮ್ಮಲ್ಲಿನ ನಿಯಮ ಏನು ಹೇಳುತ್ತದೆ ಎಂದು ಕೆಲಸಕ್ಕೆ ಸೇರಿದ ಹೊಸದರಲ್ಲೇ ತಿಳಿದುಕೊಂಡಿರುವುದು ಒಳ್ಳೆಯದು. ಬಲೆಯ ಮುಂದೆ ನಿಂತಾಗ ಕಾನೂನು ಓದಲು ಆಗುವುದಿಲ್ಲ.

ಒಲ್ಲೆ ಅನ್ನಲು ಆಗದವರು

2013ರ ಏಪ್ರಿಲ್ 23. ಬಾಂಗ್ಲಾದೇಶದ ಢಾಕಾ ಬಳಿಯ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಮಹಡಿಯ ಕಟ್ಟಡದಲ್ಲಿ ಬಿರುಕು ಕಾಣಿಸಿತು. ಜನರನ್ನು ಹೊರಗೆ ಕಳಿಸಿದರು. ಕಟ್ಟಡ ಸುರಕ್ಷಿತ ಅಲ್ಲ ಎಂದು ಒಬ್ಬ ಎಂಜಿನಿಯರ್ ಹೇಳಿದರು. ಮರುದಿನ ಬೆಳಗ್ಗೆ ಕೆಳಗಿನ ಬ್ಯಾಂಕ್ ಶಾಖೆ ತೆರೆಯಲಿಲ್ಲ. ಅಂಗಡಿಗಳೂ ತೆರೆಯಲಿಲ್ಲ. ಮೇಲಿನ ಮಹಡಿಗಳ ಗಾರ್ಮೆಂಟ್ಸ್ ಕೆಲಸಗಾರರನ್ನು ಮಾತ್ರ ಒಳಗೆ ಕರೆದರು. ಬರದಿದ್ದರೆ ಸಂಬಳ ಹೋಗುತ್ತದೆ ಎಂಬ ಬೆದರಿಕೆ ಇತ್ತು ಎಂದು ಬದುಕುಳಿದವರು ಹೇಳಿದ್ದಾರೆ. ಒಂಬತ್ತು ಗಂಟೆಗೆ ಸ್ವಲ್ಪ ಮೊದಲು ಕಟ್ಟಡ ಕುಸಿಯಿತು. 1,134 ಜನ ಸತ್ತರು.

ಒಂದೇ ಕಟ್ಟಡ, ಒಂದೇ ಬಿರುಕು. ಬ್ಯಾಂಕಿನವರಿಗೂ ಗೊತ್ತಿತ್ತು, ಹೊಲಿಗೆಯವರಿಗೂ ಗೊತ್ತಿತ್ತು. ಇಬ್ಬರ ಅರಿವಿನಲ್ಲಿ ಒಂದಿಷ್ಟೂ ವ್ಯತ್ಯಾಸ ಇರಲಿಲ್ಲ. ವ್ಯತ್ಯಾಸ ಇದ್ದದ್ದು ಒಂದು ದಿನ ಕೆಲಸಕ್ಕೆ ಬರದೇ ಇದ್ದರೆ ಏನಾಗುತ್ತದೆ ಎಂಬುದರಲ್ಲಿ. ಆದ್ದರಿಂದಲೇ ನನಗೆ ‘ಜನರಿಗೆ ತಿಳುವಳಿಕೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ’ ಎಂಬ ಮಾತು ಅರ್ಧ ಸತ್ಯ ಅನ್ನಿಸುತ್ತದೆ. ಪೋಸ್ಟರ್ ಅಂಟಿಸುವುದು, ತರಬೇತಿ ಕೊಟ್ಟು ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸುವುದು ಬೇಡ ಅನ್ನುತ್ತಿಲ್ಲ. ಆದರೆ ಆ ಸಹಿಯನ್ನೇ ನಾಳೆ ‘ನೋಡಿ, ಅವನಿಗೆ ಹೇಳಿದ್ದೆವು’ ಎಂದು ತೋರಿಸುವುದಾದರೆ, ಆ ತಿಳುವಳಿಕೆ ಯಾರ ರಕ್ಷಣೆಗೆ ಬಂತು?

ಒಬ್ಬರೇ ನಿಂತು ಒಲ್ಲೆ ಅಂದರೆ ಮೇಲಿನವರ ಕಣ್ಣು ನೇರ ಅವರ ಮೇಲೆ ಬೀಳುತ್ತದೆ. ಹತ್ತು ಜನ ಸೇರಿ ಹೇಳಿದರೆ ಅದು ಕೆಲಸದ ಸಮಸ್ಯೆ ಅನ್ನಿಸಿಕೊಳ್ಳುತ್ತದೆ. ಕಾರ್ಮಿಕ ಸಂಘ, ಕೆಲಸಗಾರರೂ ಇರುವ ಸುರಕ್ಷತಾ ಸಮಿತಿ, ಇವೆಲ್ಲ ಸುಮ್ನೆ ಹುಟ್ಟಿಕೊಂಡದ್ದಲ್ಲ.

ಆ್ಯಪ್‌ನಿಂದ ಕೆಲಸ ಪಡೆದು ದುಡಿಯುವವರ ಕಷ್ಟ ಇಲ್ಲೇ ಇದೆ. ಅವರಿಗೆ ಒಟ್ಟಿಗೆ ಸೇರುವ ಜಾಗವೇ ಇಲ್ಲ. ಮಳೆ, ಬಿಸಿಲು, ಕತ್ತಲೆ ರಸ್ತೆ ಇರುವಾಗ ಆರ್ಡರ್ ಬೇಡ ಅಂದರೆ ಬಯ್ಯುವ ಸೂಪರ್‌ವೈಸರ್ ಇಲ್ಲ ನಿಜ. ಆದರೆ ಮುಂದಿನ ಆರ್ಡರ್ ಕಡಿಮೆಯಾಗಬಹುದು, ಯಾಕೆ ಎಂದು ಯಾರೂ ಹೇಳುವುದಿಲ್ಲ. ‘ನೀವು ನಮ್ಮ ಕೆಲಸಗಾರರಲ್ಲ, ಸ್ವತಂತ್ರ ಪಾಲುದಾರರು’ ಎಂಬ ಒಂದು ಸಾಲಿನಿಂದ ಸುರಕ್ಷತೆಯ ಕಾನೂನುಗಳೇ ಅವರ ಪಕ್ಕದಿಂದ ದಾಟಿಹೋಗುತ್ತಿದ್ದವು. ಇದು ನಿಧಾನಕ್ಕೆ ಬದಲಾಗುತ್ತಿದೆ. ಬ್ರಿಟನ್ನಿನಲ್ಲಿ ಗಂಭೀರ ಅಪಾಯದಿಂದ ದೂರ ಸರಿದವರಿಗೆ ಇದ್ದ ರಕ್ಷಣೆ ಮೊದಲು ಕಾನೂನು ‘ಉದ್ಯೋಗಿ’ ಎಂದು ಗುರುತಿಸಿದವರಿಗೆ ಮಾತ್ರ ಸಿಗುತ್ತಿತ್ತು. ಇದು ಸಾಲದು ಎಂದು 2020ರಲ್ಲಿ ಅಲ್ಲಿನ ಹೈಕೋರ್ಟ್ ಹೇಳಿತು. 2021ರ ಮೇ 31ರಿಂದ ಆ ರಕ್ಷಣೆ ಇನ್ನೂ ದೊಡ್ಡ ವರ್ಗದ ಕೆಲಸಗಾರರಿಗೂ ಸಿಕ್ಕಿತು. 2024ರಲ್ಲಿ ಯುರೋಪಿಯನ್ ಒಕ್ಕೂಟ ಆ್ಯಪ್ ದುಡಿಮೆಯ ಬಗ್ಗೆಯೇ ಒಂದು ಕಾನೂನು ತಂದಿತು. ಯಾವ ದೇಶದಲ್ಲೇ ಆಗಲಿ, ಕರಾರಿನಲ್ಲಿ ನಿಮ್ಮನ್ನು ಏನೆಂದು ಕರೆದಿದ್ದಾರೆ ಎಂಬ ಒಂದು ಪದ ನಿಮ್ಮ ಅರ್ಧ ಹಕ್ಕುಗಳನ್ನು ತೀರ್ಮಾನಿಸಬಹುದು. ಆ ಪದವೇ ಕೊನೆಯ ಮಾತಲ್ಲ. ನಿಜವಾಗಿ ಕೆಲಸ ಹೇಗೆ ನಡೆಯುತ್ತದೆ ಎಂದು ಕೋರ್ಟುಗಳು ನೋಡುತ್ತವೆ.

ಗೊತ್ತಿದೆ ಅಂದುಕೊಂಡದ್ದೇ ಗೊತ್ತಿಲ್ಲದಾಗ

‘ಗೊತ್ತಿತ್ತಲ್ಲ’ ಎಂಬ ಮಾತಿಗೆ ಇನ್ನೊಂದು ಉತ್ತರವೂ ಇದೆ. ಎಷ್ಟೋ ಸಲ ಗೊತ್ತಿರುವುದಿಲ್ಲ. ಕಣ್ಣು, ಮೂಗು, ಅಭ್ಯಾಸ ಎಲ್ಲ ಸೇರಿ ನಮಗೆ ಸುಳ್ಳು ಹೇಳುತ್ತವೆ.

ಮುಚ್ಚಿದ ಟ್ಯಾಂಕು, ಗುಂಡಿ, ಬಾವಿ, ಒಳಚರಂಡಿ ತೆಗೆದುಕೊಳ್ಳಿ. ಗಾಳಿಯಲ್ಲಿ ಆಮ್ಲಜನಕ ಸುಮಾರು 20.9 ಶೇಕಡ ಇರುತ್ತದೆ. 19.5ಕ್ಕಿಂತ ಕೆಳಗೆ ಇಳಿದರೆ ಅಪಾಯದ ಲೆಕ್ಕ. ಖಾಲಿ ಇರುವ ಕಬ್ಬಿಣದ ಟ್ಯಾಂಕು ಸುಮ್ನೆ ತುಕ್ಕು ಹಿಡಿಯುತ್ತಿದ್ದರೂ ಸಾಕು, ಒಳಗಿನ ಆಮ್ಲಜನಕವನ್ನು ಆ ತುಕ್ಕೇ ಹೀರಿಬಿಡುತ್ತದೆ. ನೋಡಿದರೆ ಖಾಲಿ, ಒಣಗಿದ, ಶುದ್ಧ ಟ್ಯಾಂಕು. ಒಳಗೆ ಇಳಿದವನಿಗೆ ಉಸಿರು ಕಟ್ಟಿದ ಅನುಭವವೂ ಆಗದೆ ಪ್ರಜ್ಞೆ ತಪ್ಪಬಹುದು. ಒಳಚರಂಡಿಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಇನ್ನೂ ಮೋಸದ್ದು. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹತ್ತು ಲಕ್ಷ ಪಾಲು ಗಾಳಿಗೆ ಸುಮಾರು 100 ಪಾಲಿನಷ್ಟಾದರೆ ಮೂಗಿಗೆ ವಾಸನೆ ಹಿಡಿಯುವ ಶಕ್ತಿಯೇ ಹೋಗುತ್ತದೆ. ವಾಸನೆ ನಿಂತಿತು, ಇನ್ನು ಇಳಿಯಬಹುದು ಅನ್ನಿಸುವ ಗಳಿಗೆಯೇ ಕೊಲ್ಲುವ ಗಳಿಗೆ ಆಗಬಹುದು.

ಒಬ್ಬ ಒಳಗೆ ಬಿದ್ದರೆ ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನ ಹಿಂದೆ ಮತ್ತೊಬ್ಬ. ಇಂಥ ಮುಚ್ಚಿದ ಜಾಗಗಳಲ್ಲಿ ಸತ್ತವರಲ್ಲಿ ಶೇಕಡ 60ಕ್ಕೂ ಹೆಚ್ಚು ಜನ ಕಾಪಾಡಲು ಹೋದವರು ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ 1986ರಲ್ಲೇ ಎಚ್ಚರಿಸಿತ್ತು. ಇವರಿಗೆ ‘ಗೊತ್ತಿತ್ತಲ್ಲ, ಯಾಕೆ ಇಳಿದೆ?’ ಎಂದು ಕೇಳುವುದು ಹೇಗೆ? ಕಣ್ಣೆದುರು ಜೊತೆಗಾರ ಬಿದ್ದಿದ್ದಾನೆ. ಕಾಲು ತಾನಾಗಿ ಮುಂದೆ ಹೋಗುತ್ತದೆ. ಗಾಳಿ ಅಳೆಯುವ ಮೀಟರ್, ಗಾಳಿ ಊದುವ ಫ್ಯಾನು, ಹೊರಗಿನಿಂದಲೇ ಎಳೆಯಲು ಹಗ್ಗ ಮತ್ತು ಬೆಲ್ಟು ಅಲ್ಲಿ ಇರದಿದ್ದರೆ, ಮನುಷ್ಯನ ಒಳ್ಳೆಯತನವೇ ಅವನನ್ನು ಕೊಲ್ಲುತ್ತದೆ. ಇವು ಇರಬೇಕಾದದ್ದು ಕೆಲಸ ಮಾಡಿಸುವವರ ಹೊಣೆ. ಸಾಧ್ಯವಾದರೆ ಮನುಷ್ಯನೇ ಇಳಿಯದಂತೆ ಯಂತ್ರದಿಂದ ಮಾಡಿಸುವುದು ಅದಕ್ಕೂ ಮೊದಲಿನ ಹೊಣೆ.

ನಿಧಾನವಾಗಿ ಕೊಲ್ಲುವ ಅಪಾಯಗಳಲ್ಲಿ ಇದು ಇನ್ನೂ ಸ್ಪಷ್ಟ. ಕಲ್ಲು ಕೊರೆಯುವಾಗ ಏಳುವ ಸಿಲಿಕಾ ಧೂಳಿನಲ್ಲಿ ಶ್ವಾಸಕೋಶದ ಆಳಕ್ಕೆ ಇಳಿಯುವ ಕಣಗಳು ಬರಿಗಣ್ಣಿಗೆ ಕಾಣುವುದೇ ಇಲ್ಲ. ಕಾಣುವ ಧೂಳು ನೆಲಕ್ಕೆ ಕೂತ ಮೇಲೂ ಅವು ಗಾಳಿಯಲ್ಲಿ ತೇಲುತ್ತಿರುತ್ತವೆ. ಉಸಿರು ಗಟ್ಟತೊಡಗುವುದು ವರ್ಷಗಳ ನಂತರ. ಅಡುಗೆಮನೆಯ ಕಟ್ಟೆಗಳಿಗೆ ಬಳಸುವ ಕೃತಕ ಕಲ್ಲಿನಲ್ಲಿ ಸಿಲಿಕಾ ಬಹಳ ಜಾಸ್ತಿ. ಅದನ್ನು ಕತ್ತರಿಸುವ ಯುವಕರೇ ರೋಗಕ್ಕೆ ಬೀಳುತ್ತಿರುವುದನ್ನು ಕಂಡ ಆಸ್ಟ್ರೇಲಿಯಾ, ಮಾಸ್ಕ್ ಹಾಕಿಕೊಳ್ಳಿ ಎಂದು ಹೇಳಿ ಕೈ ತೊಳೆದುಕೊಳ್ಳಲಿಲ್ಲ. 2024ರ ಜುಲೈ 1ರಿಂದ ಆ ಕಲ್ಲನ್ನೇ ನಿಷೇಧಿಸಿತು. ಅಪಾಯವನ್ನು ಬುಡದಲ್ಲೇ ತೆಗೆಯಲು ಆಗುತ್ತಾ ಎಂದು ಮೊದಲು ನೋಡಬೇಕು. ಮಾಸ್ಕು, ಕೈಗವಸು ಕೊನೆಯ ಉಪಾಯ. ಸುರಕ್ಷತೆಯನ್ನು ಓದಿದವರೆಲ್ಲ ಒಪ್ಪುವ ಮಾತು ಇದು. ಆದರೂ ಎಷ್ಟೋ ಕಡೆ ಕೊನೆಯದರಿಂದಲೇ ಶುರುಮಾಡಿ ಅಲ್ಲೇ ನಿಲ್ಲಿಸುತ್ತಾರೆ.

ದಾರಿಯಲ್ಲಿ, ಮನೆಯಲ್ಲಿ, ಬೋರ್ಡಿನ ಮೇಲೆ

ಕೆಲಸದ ಜಾಗದ ಆಚೆಯೂ ಇದೇ ಪ್ರಶ್ನೆ ಬರುತ್ತದೆ. 1863ರಲ್ಲಿ ಇಂಗ್ಲೆಂಡಿನಲ್ಲಿ ಒಬ್ಬ ದಾರಿಹೋಕನ ಮೇಲೆ ಹಿಟ್ಟಿನ ವ್ಯಾಪಾರಿಯ ಅಂಗಡಿಯ ಮೇಲಿನ ಕಿಟಕಿಯಿಂದ ಒಂದು ಪೀಪಾಯಿ ಬಿತ್ತು. ಯಾರು ಏನು ತಪ್ಪು ಮಾಡಿದ್ದರಿಂದ ಬಿತ್ತು ಎಂದು ಅವನು ಹೇಗೆ ತೋರಿಸಬೇಕು? ನಿರ್ಲಕ್ಷ್ಯ ಇಲ್ಲದೆ ಪೀಪಾಯಿ ತಾನಾಗಿ ಬೀಳುವುದಿಲ್ಲ, ಹೇಗೆ ಬಿತ್ತು ಎಂದು ಅಂಗಡಿಯವನೇ ವಿವರಿಸಲಿ ಎಂದಿತು ಕೋರ್ಟ್. ಕಿತ್ತುಬಿದ್ದ ಬೋರ್ಡು, ಕಳಚಿದ ಲಿಫ್ಟು, ತೆರೆದಿಟ್ಟ ಗುಂಡಿ, ಇವುಗಳಿಂದ ಪೆಟ್ಟಾದಾಗ ‘ನೋಡಿಕೊಂಡು ನಡೀಬೇಕಿತ್ತು’ ಅನ್ನುವುದಕ್ಕೆ ಮೊದಲು ಈ ತೀರ್ಪು ನೆನಪಾಗಬೇಕು.

‘ಅಪಾಯವಾದರೆ ನಾವು ಜವಾಬ್ದಾರರಲ್ಲ’ ಎಂಬ ಬೋರ್ಡುಗಳು ಎಲ್ಲೆಲ್ಲೂ ಇರುತ್ತವೆ. ಜಿಮ್ಮಿಗೆ, ಸಾಹಸ ಕ್ರೀಡೆಗೆ ಹೋದರೆ ಅಂಥದ್ದೇ ಕಾಗದಕ್ಕೆ ಸಹಿ ಹಾಕಿಸುತ್ತಾರೆ. ಬೋರ್ಡು ನೋಡಿದೆ, ಸಹಿ ಹಾಕಿದೆ, ಮುಗೀತು ಎಂದು ಜನ ತಿಳಿಯುತ್ತಾರೆ. ಹಾಗೇನಿಲ್ಲ. ಬ್ರಿಟನ್ನಿನ 1977ರ ಕಾಯ್ದೆಯ, ಗ್ರಾಹಕರ ವಿಷಯದಲ್ಲಿ ಈಗ 2015ರ ಕಾಯ್ದೆಯ ಪ್ರಕಾರ ವ್ಯಾಪಾರ ನಡೆಸುವವರು ತಮ್ಮ ನಿರ್ಲಕ್ಷ್ಯದಿಂದ ಆದ ಸಾವಿನ, ಗಾಯದ ಹೊಣೆಯನ್ನು ಇಂಥ ಬೋರ್ಡಿನಿಂದಾಗಲಿ ಕರಾರಿನಿಂದಾಗಲಿ ತಪ್ಪಿಸಿಕೊಳ್ಳಲು ಬರುವುದಿಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಇಂಥ ಸಹಿಗೆ ಬೆಲೆ ಇದೆ, ಆದರೆ ಘೋರ ನಿರ್ಲಕ್ಷ್ಯಕ್ಕೆ ಸಾಮಾನ್ಯವಾಗಿ ಅಲ್ಲೂ ಮಾಫಿ ಇಲ್ಲ. ಅಂದರೆ ಕಾಗದ ನೋಡಿ ಹೆದರಿ ಸುಮ್ಮನಾಗುವ ಮೊದಲು ವಕೀಲರನ್ನೋ ಉಚಿತ ಕಾನೂನು ನೆರವು ಕೊಡುವವರನ್ನೋ ಒಂದು ಮಾತು ಕೇಳಬೇಕು.

ಬರೆದಿಟ್ಟ ಮಾತು

ಹಕ್ಕು ಎಷ್ಟೇ ದೊಡ್ಡದಿರಲಿ, ಕೊನೆಗೆ ಅದು ನಿಲ್ಲುವುದು ಸಣ್ಣ ಸಣ್ಣ ಕಾಗದಗಳ ಮೇಲೆ. ನಾನು ಗೋದಾಮಿನ ಹುಡುಗನ ವಿಷಯದಲ್ಲಿ ಇದನ್ನು ಹತ್ತಿರದಿಂದ ನೋಡಿದೆ. ಆಸ್ಪತ್ರೆಯಲ್ಲಿ ಹೇಗಾಯಿತು ಎಂದು ಕೇಳಿದಾಗ ಅವನು ‘ಕೈ ಜಾರಿ ಸಿಕ್ಕಿಕೊಳ್ತು’ ಅಂದ. ಡಾಕ್ಟರು ಅಷ್ಟನ್ನೇ ಬರೆದುಕೊಂಡರು. ಮಷೀನಿನ ಹೆಸರಿಲ್ಲ, ಸ್ವಿಚ್ಚಿನ ಮಾತಿಲ್ಲ. ನೋವಿನಲ್ಲಿದ್ದವನಿಗೆ ಅದೆಲ್ಲ ಎಲ್ಲಿ ಹೊಳೆಯುತ್ತೆ? ಆದರೆ ಆ ಮೊದಲ ಚೀಟಿಯ ಸಾಲು ಮುಂದೆ ಎಲ್ಲ ಕಡೆಯೂ ಹಿಂಬಾಲಿಸಿತು. ನೀನೇ ಜಾರಿ ಅಂದಿದ್ದೀಯಲ್ಲ ಎಂದರು.

ಹಾಗಾಗಿ ಜೊತೆಗೆ ಹೋದವರು ಈ ಒಂದು ಕೆಲಸ ಮಾಡಬೇಕು. ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಕೆಲಸ ಮಾಡುವಾಗ, ಯಾವ ವಸ್ತುವಿನಿಂದ ಗಾಯವಾಯಿತು ಎಂದು ಡಾಕ್ಟರಿಗೆ ಹೇಳಿ, ಚೀಟಿಯಲ್ಲಿ ಬರೆಸಬೇಕು. ಆ ಜಾಗದ ಫೋಟೋ ಅದೇ ದಿನ ತೆಗೆಯಬೇಕು, ಯಾಕೆಂದರೆ ಮರುದಿನದ ಹೊತ್ತಿಗೆ ತಂತಿ ಮಾಯವಾಗಿರುತ್ತದೆ. ನಮ್ಮಲ್ಲೂ ಮಾಯವಾಗಿತ್ತು. ನೋಡಿದವರ ಹೆಸರು ಬರೆದಿಟ್ಟುಕೊಳ್ಳಬೇಕು. ಆಸ್ಪತ್ರೆಯ ಹಾಸಿಗೆಯ ಮೇಲೆ ಇರುವಾಗ ‘ಎಲ್ಲ ಲೆಕ್ಕ ಚುಕ್ತಾ’ ಎಂಬ ಅರ್ಥದ ಯಾವ ಕಾಗದಕ್ಕೂ ಸಹಿ ಹಾಕಬಾರದು, ಎಷ್ಟೇ ಒಳ್ಳೆಯ ಮಾತಾಡಿದರೂ. ದೂರು ಕೊಡಲು, ಪರಿಹಾರ ಕೇಳಲು ಸಾಮಾನ್ಯವಾಗಿ ಒಂದು ಗಡುವು ಇರುತ್ತದೆ. ಅದು ದಾಟಿದರೆ ಎಷ್ಟೇ ನ್ಯಾಯ ಇದ್ದರೂ ಬಾಗಿಲು ಮುಚ್ಚಬಹುದು.

ಅಪಘಾತಕ್ಕೆ ಮೊದಲಿನ ಬರಹಕ್ಕೆ ಇನ್ನೂ ಜಾಸ್ತಿ ಬೆಲೆ. ಬಾಯಲ್ಲಿ ಹತ್ತು ಸಲ ಹೇಳಿದ್ದಕ್ಕಿಂತ ಒಂದು ಮೆಸೇಜು ಮೇಲು. ‘ಮುಚ್ಚಳದ ಸ್ವಿಚ್ ಕಟ್ಟಿದ್ದಾರೆ, ಕೈಗೆ ಅಪಾಯ ಇದೆ, ದಯವಿಟ್ಟು ಬಿಚ್ಚಿಸಿ’. ಇಷ್ಟು ಸಾಕು. ಬೈಗುಳ ಬೇಡ, ಕಾನೂನಿನ ನಂಬರ್ ಬೇಡ. ಈ ಸಾಲು ಕಳಿಸಿದ ಗಳಿಗೆಯಿಂದ ಗೊತ್ತಿರುವ ಭಾರ ಅದನ್ನು ಸರಿಪಡಿಸಬಲ್ಲವರ ಹೆಗಲಿಗೆ ಹೋಗುತ್ತದೆ. ಟ್ರಯಾಂಗಲ್ ಮಾಲೀಕರ ಹಾಗೆ ‘ನನಗೆ ಗೊತ್ತಿರಲಿಲ್ಲ’ ಅನ್ನಲು ಆಮೇಲೆ ಆಗುವುದಿಲ್ಲ.

ಆ ಹುಡುಗನಿಗೆ ಆಸ್ಪತ್ರೆಯ ಖರ್ಚು ಸಿಕ್ಕಿತು, ಅದರಾಚೆ ಏನೂ ಸಿಗಲಿಲ್ಲ. ಕೇಳಬಹುದು ಎಂದು ಅವನಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಕೆಲವು ತಿಂಗಳಿಗೆ ಅವನು ಕೆಲಸ ಬಿಟ್ಟ. ಅವನು ಹೋದ ಮೇಲೆ ಒಂದು ಬೆಳಗ್ಗೆ ನೋಡಿದರೆ ಸ್ವಿಚ್ಚಿಗೆ ಮತ್ತೆ ತಂತಿ ಬಂದಿತ್ತು. ಆ ಪಾಳಿಯಲ್ಲಿ ವಯಸ್ಸಾದ ಒಬ್ಬರಿದ್ದರು, ಹೆಚ್ಚು ಮಾತಾಡುವವರಲ್ಲ. ಮಷೀನಿನ ಮುಂದೆ ಬಂದು ತಂತಿ ನೋಡಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ‘ಮಾಡಲ್ಲ ಅಂತ ಹೇಳ್ತಿಲ್ಲ. ಇದನ್ನ ಬಿಚ್ಚಿಸಿ ಕೊಡಿ, ಮಾಡ್ತೀನಿ’ ಅಂದರು. ಸೂಪರ್‌ವೈಸರ್ ಕೂಗಾಡಿದ. ಅವರು ಅಲ್ಲೇ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಪಕ್ಕದ ಸಾಲಿನ ಇಬ್ಬರು ಹೆಂಗಸರೂ ಬಂದು ಅವರ ಜೊತೆ ನಿಂತರು.

ಕೊನೆಗೆ ಮೆಕ್ಯಾನಿಕ್‌ನನ್ನು ಕರೆಸಿದರು. ಅವನು ತಂತಿ ಬಿಚ್ಚಿ, ಬಗ್ಗಿ ಒಳಗೆ ನೋಡಿ, ಪೆಟ್ಟಿಗೆಗಳು ಯಾಕೆ ಸಿಕ್ಕಿಕೊಳ್ತವೆ ಎಂದು ಕೇಳಿದ. ಅಷ್ಟು ದಿನದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಪೆಟ್ಟಿಗೆ ನೇರ ಹೋಗಲು ಇಟ್ಟಿದ್ದ ಒಂದು ಕಬ್ಬಿಣದ ಪಟ್ಟಿ ಒಳಕ್ಕೆ ಬಗ್ಗಿತ್ತು. ಅದನ್ನು ಕಳಚಿ, ಬಡಿದು ನೇರ ಮಾಡಿ, ಮತ್ತೆ ಕೂರಿಸಲು ಅವನಿಗೆ ಹಿಡಿದದ್ದು 20 ನಿಮಿಷ.